ಪಗಾರ ನಿಂತರೆ ಸುಮ್ಮನಿರಬೇಡಿ: ಅಂಗವಿಕಲರ ಹೋರಾಟ ಗೆಲ್ಲಲು ಹನ್ನೆರಡು ಸೂತ್ರಗಳು

ಅಂಗವಿಕಲರ ಮಾಸಾಶನಕ್ಕೆ, ನಮ್ಮ ಜನ ಪಗಾರ ಎನ್ನುವುದಕ್ಕೆ, ಕತ್ತರಿ ಬೀಳುವಾಗ ಯಾರೂ ಡಂಗುರ ಸಾರುವುದಿಲ್ಲ. ಪರಿಶೀಲನೆಯಲ್ಲಿ ಒಬ್ಬರ ಹೆಸರು ಬಿದ್ದುಹೋಗುತ್ತದೆ. ಇನ್ನೊಬ್ಬರ ಹಣ ಬ್ಯಾಂಕಿನ ಬಾಗಿಲ ತನಕ ಬಂದು ವಾಪಸ್ ಹೋಗುತ್ತದೆ. ಮತ್ತೊಬ್ಬರಿಗೆ ಬರುವ ಮೊತ್ತ ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ, ಕಿರಾಣಿ ಅಂಗಡಿಯ ಬಾಕಿ ಮಾತ್ರ ಏರುತ್ತ ಹೋಗುತ್ತದೆ. ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನ ಬಾಡಗಂಡಿಯಿರಲಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಯಾವುದೇ ಓಣಿಯಿರಲಿ, ‘ಪಗಾರ ಬಂದಿಲ್ರಿ’ ಎನ್ನುವವರು ಅದನ್ನು ತಮ್ಮೊಬ್ಬರ ತಾಪತ್ರಯ ಎಂದುಕೊಂಡು ಒಬ್ಬೊಬ್ಬರೇ ಕಚೇರಿಗೆ ಅಲೆಯುತ್ತಾರೆ.

ಒಬ್ಬರೇ ಬಂದರೆ ‘ನಾಳೆ ಬರ್ರಿ’ ಎಂದು ಕಳಿಸುವುದು ಸುಲಭ. ಐವತ್ತು ಹೆಸರು, ಐವತ್ತು ದಿನಾಂಕ ಇರುವ ಪಟ್ಟಿಯನ್ನು ಹಾಗೆ ಕಳಿಸಲಾಗದು. ಮನೆಮನೆಯ ಸಂಕಟವನ್ನು ಕಾಗದದ ಮೇಲೆ ತಂದು, ದಿನಾಂಕ ಹಾಕಿ, ಎಲ್ಲರೂ ಸೇರಿ ಕೇಳಿದಾಗಲೇ ಅದು ಹೋರಾಟವಾಗುತ್ತದೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದಾರೆ. ಇಷ್ಟು ಜನರಿದ್ದೂ ದನಿ ಕೇಳುತ್ತಿಲ್ಲವೆಂದರೆ ಅದಕ್ಕೆ ಕಾರಣ, ನಾವು ಒಟ್ಟಿಗೆ ಕೇಳುತ್ತಿಲ್ಲ. ಕೇಳುವುದು ಹೇಗೆ ಎಂಬುದಕ್ಕೆ ಈ ಹನ್ನೆರಡು ಸೂತ್ರಗಳು.

1. ಪಗಾರ ಎಲ್ಲಿ ನಿಂತಿದೆ, ಮೊದಲು ಅದನ್ನು ಹುಡುಕಿ

‘ಪಗಾರ ಬಂದಿಲ್ಲ’ ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಕಾರಣಗಳಿರಬಹುದು. ಅರ್ಜಿಯೇ ತಿರಸ್ಕಾರವಾಗಿರಬಹುದು. ಮಂಜೂರಾಗಿದ್ದದ್ದು ಪರಿಶೀಲನೆ ವೇಳೆ ಸ್ಥಗಿತವಾಗಿರಬಹುದು. ಖಜಾನೆಯಿಂದ ಹೊರಟ ಹಣ ಖಾತೆ ಸೇರದೆ ಮರಳಿರಬಹುದು. ಇಲ್ಲವೇ ಹೆಚ್ಚಿನ ವೈಕಲ್ಯ ಇದ್ದವರಿಗೆ ಕೆಳಗಿನ ದರವೇ ಬರುತ್ತಿರಬಹುದು.

ಒಂದೊಂದಕ್ಕೂ ಮದ್ದು ಬೇರೆ. ತಿರಸ್ಕಾರವಾಗಿದ್ದರೆ ಮೇಲ್ಮನವಿ ಹಾಕಬೇಕು. ಸ್ಥಗಿತವಾಗಿದ್ದರೆ ಕಾರಣ ಕೇಳಿ ಪತ್ರ ಕೊಡಬೇಕು. ಹಣ ಮರಳಿದ್ದರೆ ಬ್ಯಾಂಕಿಗೆ ಹೋಗಬೇಕು. ದರ ತಪ್ಪಿದ್ದರೆ ವೈದ್ಯಕೀಯ ಪ್ರಮಾಣಪತ್ರ ಹಿಡಿದು ತಹಶೀಲ್ದಾರರನ್ನು ಕಾಣಬೇಕು. ಮಾಸಾಶನದ ಆದೇಶ ಪತ್ರ ತೆಗೆದುಕೊಂಡು ನಾಡಕಚೇರಿಗೆ ಹೋದರೆ ಸ್ಥಿತಿ ಏನೆಂದು ನೋಡಿ ಹೇಳುತ್ತಾರೆ. ಕಂದಾಯ ಇಲಾಖೆಯ ಪಿಂಚಣಿ ಸಹಾಯವಾಣಿ 155245 ಕೂಡ ಇದೆ. ರೋಗ ಗೊತ್ತಾಗದೆ ಮದ್ದು ಕೊಡಲು ಹೊರಟರೆ ತಿಂಗಳುಗಟ್ಟಲೆ ಓಡಾಟ ದಂಡ.

2. ಕಾನೂನಿನ ನಾಲ್ಕು ಮಾತು ಬಾಯಿಪಾಠ ಮಾಡಿ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆ ಏಳು ಬಗೆಯ ವೈಕಲ್ಯವನ್ನಷ್ಟೇ ಗುರುತಿಸಿತ್ತು, ಹೊಸದು 21 ಬಗೆಗಳನ್ನು ಗುರುತಿಸುತ್ತದೆ. ಇಡೀ ಕಾಯ್ದೆ ಓದಲು ಪುರುಸೊತ್ತಿಲ್ಲದವರು ಇಷ್ಟನ್ನಾದರೂ ನೆನಪಿಡಿ.

ಒಂದು, ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇದ್ದವರಿಗೆ ಹೆಚ್ಚಿನ ಸೌಲಭ್ಯಗಳ ಹಕ್ಕಿದೆ. ಎರಡು, ಕಲಂ 37ರ ಪ್ರಕಾರ ಬಡತನ ನಿವಾರಣೆ ಯೋಜನೆಗಳಲ್ಲಿ, ಕೃಷಿ ಭೂಮಿ ಮತ್ತು ವಸತಿ ಹಂಚಿಕೆಯಲ್ಲಿ ಅವರಿಗೆ ಶೇ 5 ಮೀಸಲು, ಅದರಲ್ಲೂ ಅಂಗವಿಕಲ ಮಹಿಳೆಯರಿಗೆ ಆದ್ಯತೆ. ಮೂರು, ಕಲಂ 72ರ ಪ್ರಕಾರ ಜಿಲ್ಲೆಗೊಂದು ಅಂಗವಿಕಲರ ಸಮಿತಿ ಇರಬೇಕು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡ ಅಸ್ತ್ರ. ಸಾಮಾಜಿಕ ಭದ್ರತೆ ಯೋಜನೆಗಳಲ್ಲಿ ಅಂಗವಿಕಲರಿಗೆ ಕೊಡುವ ನೆರವು, ಅಂಥದೇ ಯೋಜನೆಯಲ್ಲಿ ಉಳಿದವರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎನ್ನುತ್ತದೆ ಕಲಂ 24. ಈಗ ಲೆಕ್ಕ ಹಾಕಿ. ರಾಜ್ಯದಲ್ಲಿ 2021ರ ಏರಿಕೆಯ ನಂತರ 65 ವರ್ಷ ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ ₹1,200. ಅದರ ಮೇಲೆ ಶೇ 25 ಸೇರಿಸಿದರೆ ₹1,500. ಆದರೆ ಶೇ 40ರಿಂದ 74ರಷ್ಟು ವೈಕಲ್ಯ ಇರುವವರಿಗೆ ಸಿಗುವುದು ₹800, ಶೇ 75 ಮತ್ತು ಮೇಲ್ಪಟ್ಟವರಿಗೆ ₹1,400. ಬುದ್ಧಿಮಾಂದ್ಯರ ₹2,000 ಮಾತ್ರ ಆ ಗೆರೆ ದಾಟುತ್ತದೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಪ್ರತಿ ಮನವಿಗೂ ಲಗತ್ತಿಸಿ. ಕೊಡಿ ಎಂದು ಕಾನೂನು ಹೇಳಿರುವುದನ್ನೇ ನಾವು ಕೇಳುತ್ತಿದ್ದೇವೆ.

3. ಬಾಯಿಮಾತು ಸಾಕು, ಸೀಲು ಬೇಕು

ತಹಶೀಲ್ದಾರ್ ಕಚೇರಿಯಲ್ಲಿ ನಾವು ಕಳೆದುಕೊಳ್ಳುವ ಹೆಚ್ಚಿನ ಹೋರಾಟಗಳು ಟಪಾಲು ಮೇಜಿನ ಮುಂದೆಯೇ ಸೋತಿರುತ್ತವೆ. ‘ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ಅರ್ಜಿ ಇಟ್ಟ ಹೋಗ್ರಿ’ ಎನ್ನುತ್ತಾರೆ. ನಾವು ಇಟ್ಟು ಬರುತ್ತೇವೆ. ಮುಂದಿನ ತಿಂಗಳು ಹೋದರೆ ‘ಯಾವ ಅರ್ಜಿ?’ ಎಂಬ ಪ್ರಶ್ನೆ.

ಆದ್ದರಿಂದ ಅರ್ಜಿಯ ಎರಡು ಪ್ರತಿ ಒಯ್ಯಿರಿ. ‘ಟಪಾಲಿನ್ಯಾಗ ಕೊಟ್ಟು, ನಮ್ಮ ಕಾಪಿ ಮ್ಯಾಲೆ ಸೀಲ್ ಹಾಕಿಸ್ಕೊಂಡ ಹೋಗತೀವ್ರಿ’ ಎಂದು ಸಮಾಧಾನದಿಂದಲೇ ಹೇಳಿ. ಸೀಲು, ಸಹಿ, ದಿನಾಂಕ ಮೂರೂ ಬೀಳುವ ತನಕ ಅಲ್ಲಿಂದ ಕದಲಬೇಡಿ. ಸೀಲು ಹಾಕುವುದಿಲ್ಲ ಎಂದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ಕಳಿಸಿ, ಆ ರಸೀದಿಯೇ ನಿಮ್ಮ ಸಾಕ್ಷಿ.

ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಹಾಕುವಾಗ ಸಕಾಲದ ಸ್ವೀಕೃತಿ ಕೇಳಿ ಪಡೆಯಿರಿ. ಅದರಲ್ಲಿ ಅರ್ಜಿಯ ಸಂಖ್ಯೆ, ಸೇವೆ ಕೊಡಬೇಕಾದ ಗಡುವು ಎರಡೂ ಇರುತ್ತವೆ. ಸಕಾಲ ಕಾಯ್ದೆ 2011ರದು, 2012ರ ಏಪ್ರಿಲ್‌ನಿಂದ ರಾಜ್ಯದಲ್ಲಿ ಜಾರಿಯಲ್ಲಿದೆ. ಗಡುವು ಮೀರಿದರೆ ದಿನಕ್ಕೆ ₹20ರಂತೆ ₹500ರ ತನಕ ಪರಿಹಾರ ಕೇಳುವ ಹಕ್ಕನ್ನು ಅದು ಕೊಡುತ್ತದೆ. ಮೊತ್ತ ಸಣ್ಣದು. ಆದರೆ ತಡವಾದದ್ದು ಯಾರಿಂದ ಎಂಬುದು ದಾಖಲೆಗೆ ಬರುತ್ತದೆ.

4. ಊರಿಗೊಂದು ವಹಿ ಇಡಿ

ನೂರು ಪುಟದ ಒಂದು ವಹಿ ಸಾಕು. ಗೆರೆ ಎಳೆದು ಈ ಕಂಬಸಾಲು ಹಾಕಿ: ಹೆಸರು, ಓಣಿ, ವೈಕಲ್ಯದ ಬಗೆ ಮತ್ತು ಶೇಕಡಾ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಇದೆಯೋ ಇಲ್ಲವೋ, ಬರಬೇಕಾದ ಮೊತ್ತ, ಬರುತ್ತಿರುವ ಮೊತ್ತ, ಕೊನೆಯ ಸಲ ಹಣ ಬಂದ ತಿಂಗಳು, ಕಚೇರಿಯವರು ಹೇಳಿದ ಕಾರಣ, ಅರ್ಜಿ ಕೊಟ್ಟ ದಿನಾಂಕ. ‘ಕಚೇರಿಯವರು ಹೇಳಿದ ಕಾರಣ’ ಎಂಬ ಸಾಲನ್ನು ಅವರು ಹೇಳಿದ ಮಾತಿನಲ್ಲೇ ತುಂಬಿ. ಇಪ್ಪತ್ತು ಮನೆಗಳ ಮುಂದೆ ಒಂದೇ ಕಾರಣ ಕಂಡರೆ ತಪ್ಪು ಯಾವ ಮೇಜಿನಲ್ಲಿದೆ ಎಂದು ತಾನಾಗಿಯೇ ತಿಳಿಯುತ್ತದೆ.

ರಬಕವಿ-ಬನಹಟ್ಟಿಯ ನೇಕಾರರ ಓಣಿಯಾದರೆ ಮಗ್ಗ ನಿಂತ ಮೇಲೆ ಹೋಗಿ. ಕಬ್ಬಿನ ಊರಾದರೆ ಕಟಾವಿನ ಹಂಗಾಮು ನೋಡಿಕೊಳ್ಳಿ. ಗೋವಾ, ಮಂಗಳೂರಿನ ಕಡೆ ದುಡಿಯಲು ಹೋದ ಮನೆಯವರನ್ನು ಮರೆಯಬೇಡಿ. ಪರಿಶೀಲನೆಗೆ ಬಂದಾಗ ಬಾಗಿಲಿಗೆ ಬೀಗ ಇದ್ದರೆ ‘ವಾಸವಿಲ್ಲ’ ಎಂಬ ಷರಾ ಬೀಳುವುದು ಅವರ ಹೆಸರಿನ ಮುಂದೆಯೇ. ಕೃಷ್ಣಾ ಹಿನ್ನೀರಿನಿಂದ ಎದ್ದು ಪುನರ್ವಸತಿ ಕೇಂದ್ರ ಸೇರಿದ ಮನೆಗಳಲ್ಲಿ ಹಳೆಯ ಊರಿನ ವಿಳಾಸವೇ ದಾಖಲೆಯಲ್ಲಿ ಉಳಿದಿದೆಯೇ ಎಂದು ಕೇಳಿ ಬರೆದುಕೊಳ್ಳಿ.

ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ನಮ್ಮ ಕಡೆ ವಿ.ಆರ್.ಡಬ್ಲ್ಯು. ಎಂದೇ ಕರೆಯುವವರನ್ನು, ಜೊತೆಗೆ ಕರೆದುಕೊಳ್ಳಿ. ಅವರೂ ಅಂಗವಿಕಲರೇ, ಊರಿನ ಮನೆಮನೆ ಬಲ್ಲವರು. ತಾಲ್ಲೂಕಿಗೆ ಒಬ್ಬ ಎಂ.ಆರ್.ಡಬ್ಲ್ಯು. ಇರುತ್ತಾರೆ. ಒಂದು ಎಚ್ಚರ: ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ವಹಿಯಲ್ಲಿ ಬರೆಯಬೇಡಿ. ವಾಟ್ಸ್‌ಆ್ಯಪ್ ಗುಂಪಿಗೆ ಯಾರ ಪಟ್ಟಿಯನ್ನೂ ಹಾಕಬೇಡಿ.

5. ಕಾರ್ಡು, ಆಧಾರ್, ಪಾಸ್‌ಬುಕ್: ಹೆಸರು ಒಂದೇ ಇರಲಿ

ಒಂದು ದಾಖಲೆಯಲ್ಲಿ ‘ಶಾಂತವ್ವ’, ಇನ್ನೊಂದರಲ್ಲಿ ‘ಶಾಂತಾ’, ಮೂರನೆಯದರಲ್ಲಿ ಗಂಡನ ಹೆಸರಿನ ಜಾಗದಲ್ಲಿ ತಂದೆಯ ಹೆಸರು. ಇಷ್ಟು ಸಾಕು, ಕಂಪ್ಯೂಟರ್ ಅವರನ್ನು ಮೂವರು ಬೇರೆ ಬೇರೆ ಮನುಷ್ಯರೆಂದು ತಿಳಿಯುತ್ತದೆ. ಮೂರೂ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ.

ಆಮೇಲೆ ಬ್ಯಾಂಕು. ‘ಅಮ್ಮಾ, ನಿಮ್ಮ ರೊಕ್ಕ ಬ್ಯಾರೆ ಖಾತೆಕ ಹೋಗ್ಯಾವು ನೋಡ್ರಿ, ಇದಕ್ಕ ಎನ್‌ಪಿಸಿಐ ಆಗಿಲ್ಲ’ ಎಂಬ ಮಾತನ್ನು ಎಷ್ಟು ಮನೆಯವರು ಕೇಳಿಲ್ಲ! ಸರ್ಕಾರದ ಹಣ ಆಧಾರ್‌ಗೆ ಜೋಡಿಸಿದ ಖಾತೆಗೆ ಹೋಗುತ್ತದೆ, ಆ ಜೋಡಣೆಯನ್ನೇ ಅವರು ಎನ್‌ಪಿಸಿಐ ಎನ್ನುವುದು. ಯಾವಾಗಲೋ ಯಾವುದೋ ಯೋಜನೆಗೆಂದು ತೆರೆದು ಮರೆತ ಖಾತೆ ಜೋಡಣೆಯಾಗಿದ್ದರೆ ಹಣ ಅಲ್ಲಿ ಕೂತಿರುತ್ತದೆ. ಈಗ ಬಳಸುವ ಖಾತೆಗೆ ಜೋಡಿಸಿ ಎಂದು ಬ್ಯಾಂಕಿನಲ್ಲಿ ಅರ್ಜಿ ಬರೆದುಕೊಡಿ, ಅದಕ್ಕೂ ಸೀಲು ಹಾಕಿಸಿ.

ಬೆರಳಚ್ಚು ಹೊಂದುತ್ತಿಲ್ಲ, ಕಣ್ಣಿನ ಗುರುತು ಸಿಗುತ್ತಿಲ್ಲ ಎಂದು ಯಾರನ್ನೂ ಹಿಂದಕ್ಕೆ ಕಳಿಸುವಂತಿಲ್ಲ. ಬೆರಳಿಲ್ಲದವರಿಗೆ, ಕಣ್ಣಿಲ್ಲದವರಿಗೆ ಬಯೋಮೆಟ್ರಿಕ್ ವಿನಾಯಿತಿಯಲ್ಲಿ ಆಧಾರ್ ಕೊಡುವ ವ್ಯವಸ್ಥೆ ಇದೆ. ಡಿಜಿಟಲ್ ಕೆವೈಸಿ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆ, ಅಂಗವಿಕಲರ ಕೈಗೆ ಎಟಕುವಂತಿರಬೇಕು, ಅದು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿದೆ. ಬ್ಯಾಂಕಿನ ಮ್ಯಾನೇಜರ್ ಮುಂದೆ ಈ ತೀರ್ಪಿನ ದಿನಾಂಕ ಹೇಳಿ ನೋಡಿ, ಮಾತಿನ ಧಾಟಿಯೇ ಬದಲಾಗುತ್ತದೆ.

6. ಯಾವ ಮೆಟ್ಟಿಲು ಎಲ್ಲಿದೆ, ತಿಳಿದಿರಲಿ

ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಮ್ಮ ಜನ ಇಂದಿಗೂ ತಲಾಟಿ ಎನ್ನುವವರು, ವರದಿ ಕೊಡುತ್ತಾರೆ. ಕಂದಾಯ ನಿರೀಕ್ಷಕರು ನೋಡುತ್ತಾರೆ. ನಾಡಕಚೇರಿ, ತಹಶೀಲ್ದಾರ್ ಕಚೇರಿಯಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ಕೆಲಸ ಆಗದಿದ್ದರೆ ಬೀಳಗಿ, ಮುಧೋಳದವರಿಗೂ ಉಪವಿಭಾಗಾಧಿಕಾರಿ ಕಚೇರಿ ಇರುವುದು ಜಮಖಂಡಿಯಲ್ಲಿ. ಅದಕ್ಕೂ ಮೇಲೆ ಬಾಗಲಕೋಟೆಯ ನವನಗರದಲ್ಲಿ ಜಿಲ್ಲಾಧಿಕಾರಿ. ಕೆಳಗಿನ ಮೆಟ್ಟಿಲು ಹತ್ತದೆ ನೇರ ಮೇಲಕ್ಕೆ ಹೋದರೆ ಕಾಗದ ಮತ್ತೆ ಕೆಳಕ್ಕೇ ಬರುತ್ತದೆ. ಹಾಗೆಂದು ಒಂದೇ ಮೆಟ್ಟಿಲ ಮೇಲೆ ವರ್ಷಗಟ್ಟಲೆ ಕೂರುವುದೂ ಬೇಡ. ಗಡುವು ಮೀರಿದ ಮರುದಿನವೇ ಮುಂದಿನ ಮೆಟ್ಟಿಲಿಗೆ ಹೋಗಿ, ಹಿಂದಿನ ಸೀಲಿನ ಪ್ರತಿಯನ್ನು ಲಗತ್ತಿಸಿ.

ಜಿಲ್ಲೆಯಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಬರೆಯಿರಿ. ವಿಚಾರಣೆಗೆ ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರ ಇದೆ. ಅವರು ಶಿಫಾರಸು ಮಾಡಿದರೆ ಸಂಬಂಧಿಸಿದ ಅಧಿಕಾರಿ ಏನು ಕ್ರಮ ಕೈಗೊಂಡರೆಂದು ಮೂರು ತಿಂಗಳಲ್ಲಿ ತಿಳಿಸಬೇಕು. ಆ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವರಲ್ಲಿ ಮಂಡ್ಯದ ಕೆ.ಎಸ್. ರಾಜಣ್ಣ ಒಬ್ಬರು. ಬಾಲ್ಯದಲ್ಲೇ ಕೈಕಾಲು ಕಳೆದುಕೊಂಡರೂ ಅಂಗವಿಕಲರ ಪರ ದುಡಿದು 2024ರಲ್ಲಿ ಪದ್ಮಶ್ರೀ ಪಡೆದವರು ಅವರು.

7. ಪಂಚಾಯಿತಿಯ ಶೇ 5 ಬಿಟ್ಟುಕೊಡಬೇಡಿ

ಮಾಸಾಶನ ತಹಶೀಲ್ದಾರ್ ಕಚೇರಿಯ ವಿಷಯವಾದರೆ, ಊರಲ್ಲೇ ಇರುವ ಇನ್ನೊಂದು ಹಣದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳು ತಮ್ಮ ಅನುದಾನದಲ್ಲಿ ಶೇ 5ನ್ನು ಅಂಗವಿಕಲರಿಗೆಂದು ತೆಗೆದಿಡಬೇಕು. ಅದು ಖರ್ಚಾಯಿತೇ, ಯಾರಿಗೆ, ಯಾವುದಕ್ಕೆ ಎಂದು ಕೇಳುವ ಹಕ್ಕು ಪ್ರತಿ ಮತದಾರನಿಗೂ ಇದೆ.

ಕೇಳಲು ಸರಿಯಾದ ಜಾಗ ವಿಶೇಷಚೇತನರ ಸಮನ್ವಯ ಗ್ರಾಮಸಭೆ. ಅದು ನಡೆಯುವ ದಿನಾಂಕವನ್ನು ಪಿಡಿಒ ಅವರಿಂದ ಮುಂಚೆಯೇ ಬರಹದಲ್ಲಿ ಪಡೆಯಿರಿ. ಸಭೆಯಲ್ಲಿ ಮೂರೇ ಪ್ರಶ್ನೆ ಇಡಿ: ಕಳೆದ ವರ್ಷದ ಶೇ 5 ಎಂದರೆ ಎಷ್ಟು ರೂಪಾಯಿ? ಎಷ್ಟು ಖರ್ಚಾಗಿದೆ? ಉಳಿದದ್ದು ಎಲ್ಲಿದೆ? ಉತ್ತರ ನಡಾವಳಿ ಪುಸ್ತಕದಲ್ಲಿ ಬರೆಯುವ ತನಕ ಸಹಿ ಹಾಕಬೇಡಿ. ಸಭೆ ಮಹಡಿಯ ಮೇಲಿದ್ದರೆ ಕೆಳಗೆ ಮಾಡಿ ಎಂದು ಮೊದಲೇ ಪತ್ರ ಕೊಡಿ. ಗಾಲಿ ಕುರ್ಚಿ ಹತ್ತದ ಸಭೆಯಲ್ಲಿ ಅಂಗವಿಕಲರ ಬಗ್ಗೆ ತೀರ್ಮಾನ ಆಗುವುದು ನಿಲ್ಲಬೇಕು.

8. ಮಾಹಿತಿ ಹಕ್ಕನ್ನು ಸರಿಯಾಗಿ ಬಳಸಿ

‘ನಮ್ಮ ಪಗಾರ ಯಾಕೆ ನಿಲ್ಲಿಸಿದಿರಿ?’ ಎಂದು ಕೇಳಿದರೆ ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರ ಬರಬಹುದು. ಕಡತದಲ್ಲಿ ಇರುವುದನ್ನು ಕೇಳಿ. ಹೀಗೆ ಬರೆಯಿರಿ:

‘ಬೀಳಗಿ ತಾಲ್ಲೂಕಿನಲ್ಲಿ ಕಳೆದ ಹನ್ನೆರಡು ತಿಂಗಳಲ್ಲಿ ಸ್ಥಗಿತಗೊಳಿಸಿದ ಅಂಗವಿಕಲರ ಮಾಸಾಶನಗಳ ಗ್ರಾಮವಾರು ಸಂಖ್ಯೆ, ಪ್ರತಿಯೊಂದಕ್ಕೂ ಕಡತದಲ್ಲಿ ದಾಖಲಿಸಿದ ಕಾರಣ, ಸ್ಥಗಿತಗೊಳಿಸುವ ಮುನ್ನ ಫಲಾನುಭವಿಗೆ ನೀಡಿದ ನೋಟಿಸಿನ ಪ್ರತಿ ಒದಗಿಸಿ. ಸ್ಥಗಿತಕ್ಕೆ ಅವಕಾಶ ನೀಡುವ ಸರ್ಕಾರಿ ಆದೇಶದ ಪ್ರತಿ ಒದಗಿಸಿ.’

ಶುಲ್ಕ ₹10, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗದ ಪೀಠ ಬೆಳಗಾವಿಯಲ್ಲೂ ಇದೆ. ನೋಟಿಸು ಕೊಡದೆ ಹೆಸರು ತೆಗೆದದ್ದು ಸರ್ಕಾರದ ಕಾಗದದಿಂದಲೇ ರುಜುವಾತಾದರೆ ಅರ್ಧ ಗೆದ್ದಂತೆ.

9. ಮುಂದಿನ ಸಾಲಿನಲ್ಲಿ ಅಂಗವಿಕಲರೇ ಇರಲಿ

ಕಳಕಳಿಯುಳ್ಳವರು, ನಾಯಕರು, ಸಂಘದವರು ಜೊತೆಗಿರಲಿ. ಮಾತಾಡುವವರು ಮಾತ್ರ ಆ ಸಂಕಟ ಉಂಡವರೇ ಆಗಿರಲಿ. ದೇಶದ ಮೊದಲ ಅಂಗವಿಕಲರ ಹಕ್ಕಿನ ಕಾಯ್ದೆ ಬಂದದ್ದೇ ಹಾಗೆ. ಗಾಲಿ ಕುರ್ಚಿಯಲ್ಲಿ ಓಡಾಡುತ್ತಿದ್ದ ಜಾವೇದ್ ಅಬಿದಿ ಮುಂದಾಳತ್ವದಲ್ಲಿ 1995ರ ಡಿಸೆಂಬರ್‌ನಲ್ಲಿ ಅಂಗವಿಕಲರು ದೆಹಲಿಯ ಬೀದಿಗಿಳಿದರು. ಆ ತಿಂಗಳು ಮುಗಿಯುವುದರೊಳಗೆ ಸಂಸತ್ತು ಕಾಯ್ದೆಯನ್ನು ಒಪ್ಪಿತು. 2001ರ ಜನಗಣತಿಯಲ್ಲಿ ಅಂಗವಿಕಲರನ್ನು ಎಣಿಸಬೇಕೆಂದು ಪಟ್ಟು ಹಿಡಿದು ಗೆದ್ದವರಲ್ಲೂ ಅವರು ಮುಂಚೂಣಿಯಲ್ಲಿದ್ದರು.

ಮಾತು ಬಾರದವರ ಪರವಾಗಿ ಸನ್ನೆ ಬಲ್ಲವರನ್ನು ಕರೆತನ್ನಿ. ಬುದ್ಧಿಮಾಂದ್ಯ ಮಕ್ಕಳ ತಾಯಂದಿರಿಗೆ ಮೊದಲು ಮೈಕು ಕೊಡಿ. ದುಡಿಮೆಗೆ ಹೋಗಲಾಗದೆ ಮಗುವಿನ ಪಕ್ಕದಲ್ಲೇ ದಿನ ಕಳೆಯುವವರು ಅವರು, ಆ ಮನೆಯ ಬಡತನದ ಲೆಕ್ಕ ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಅಂಗವಿಕಲ ಹೆಣ್ಣುಮಕ್ಕಳು ಹಿಂದೆ ಕೂತಿದ್ದರೆ ಹೆಸರು ಹಿಡಿದು ಮುಂದೆ ಕರೆಯಿರಿ. ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಗೆ ಕರೆದು ಶಾಲು ಹೊದಿಸಿದರೆ ಹೊದಿಸಿಕೊಳ್ಳಿ, ಅದೇ ವೇದಿಕೆಯಲ್ಲಿ ನಿಮ್ಮ ಪಟ್ಟಿಯನ್ನು ಅಧಿಕಾರಿಗಳ ಕೈಗಿಡಿ.

10. ಬಡವರು ಬಡವರ ಕೈ ಹಿಡಿಯಲಿ

ವಿಧವೆಯರ ಮಾಸಾಶನ, ವೃದ್ಧರ ಮಾಸಾಶನ, ಅಂಗವಿಕಲರ ಮಾಸಾಶನ ಎಲ್ಲವೂ ಅದೇ ಮೇಜಿನಿಂದ ಹೋಗುತ್ತವೆ, ಅದೇ ಕಾರಣಕ್ಕೆ ನಿಲ್ಲುತ್ತವೆ. ಬೇರೆ ಬೇರೆ ದಿನ ಬೇರೆ ಬೇರೆ ಮನವಿ ಕೊಡುವ ಬದಲು ಒಂದೇ ದಿನ ಒಟ್ಟಿಗೆ ಹೋಗಿ.

ಇದಕ್ಕೆ ದಾರಿ ತೋರಿಸಿದವರು ನಮ್ಮ ನೆಲದಲ್ಲೇ ಇದ್ದಾರೆ. ಬಾಗಲಕೋಟೆ ಜಿಲ್ಲೆ ಸೇರಿ 14 ಜಿಲ್ಲೆಗಳಲ್ಲಿ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳಲ್ಲಿ 46,660 ಮಾಜಿ ದೇವದಾಸಿ ಮಹಿಳೆಯರು ಪತ್ತೆಯಾದರು. ಊರು ಹಗುರವಾಗಿ ಕಂಡ ಆ ತಾಯಂದಿರು ವಿಮೋಚನಾ ಸಂಘ ಕಟ್ಟಿಕೊಂಡು, ವರ್ಷ ವರ್ಷವೂ ಧರಣಿ ಕೂತು, ಮಾಸಾಶನಕ್ಕಾಗಿ ಕೇಳುತ್ತಲೇ ಬಂದರು. ನೂರರ ಲೆಕ್ಕದಲ್ಲಿ ಆರಂಭವಾದ ಮೊತ್ತ ₹1,500ಕ್ಕೆ, 2024ರ ಬಜೆಟ್‌ನಲ್ಲಿ ₹2,000ಕ್ಕೆ ಏರಿತು. ಸಮೀಕ್ಷೆಯಲ್ಲಿ ಬಿಟ್ಟುಹೋದವರ ಹೆಸರು ಸೇರಿಸಿ ಎಂಬ ಕೂಗನ್ನೂ ಅವರು ಬಿಡಲಿಲ್ಲ. ಅಂಗವಿಕಲರ ಸಂಘಗಳು ಅವರ ಬಳಿ ಕೂತು ಒಂದು ದಿನ ಮಾತಾಡಿದರೆ ಕಲಿಯುವುದು ಬೇಕಾದಷ್ಟಿದೆ. ಅವರಲ್ಲೂ ಅಂಗವಿಕಲರಿದ್ದಾರೆ, ನಮ್ಮ ಮನೆಗಳಲ್ಲೂ ವಿಧವೆಯರಿದ್ದಾರೆ. ಬಡತನಕ್ಕೆ ಇಲಾಖೆಗಳ ಗಡಿ ಇಲ್ಲ.

11. ಬಜೆಟ್‌ಗೆ ಮೊದಲೇ ಹೋಗಿ

ಬಜೆಟ್ ಮಂಡನೆಯಾದ ಮೇಲೆ ಪ್ರತಿಭಟನೆ ಮಾಡುವುದಕ್ಕಿಂತ, ಸಿದ್ಧವಾಗುವಾಗಲೇ ಬಾಗಿಲು ಬಡಿಯಬೇಕು. ಚಳಿಗಾಲದ ಅಧಿವೇಶನ ನಡೆಯುವ ಬೆಳಗಾವಿಯ ಸುವರ್ಣ ವಿಧಾನಸೌಧ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಅಧಿವೇಶನಕ್ಕೆ ಮುನ್ನವೇ ನಿಮ್ಮ ಶಾಸಕರಿಗೆ ಪಟ್ಟಿ ಕೊಟ್ಟು, ಸದನದಲ್ಲಿ ಪ್ರಶ್ನೆ ಕೇಳಿ ಎನ್ನಿ. ಪ್ರಶ್ನೆಯನ್ನು ನೀವೇ ಬರೆದುಕೊಡಿ: ‘ಬೀಳಗಿ ಮತಕ್ಷೇತ್ರದಲ್ಲಿ ಎಷ್ಟು ಅಂಗವಿಕಲರ ಮಾಸಾಶನ ಸ್ಥಗಿತವಾಗಿದೆ, ಕಲಂ 24ರಂತೆ ಮೊತ್ತವನ್ನು ಯಾವಾಗ ಪರಿಷ್ಕರಿಸಲಾಗುವುದು?’ ಸದನಕ್ಕೆ ಬಂದ ಪ್ರಶ್ನೆಗೆ ಸಚಿವರು ಉತ್ತರ ಕೊಡಬೇಕು.

ದೆಹಲಿಯ ಪಾಲನ್ನೂ ಮರೆಯಬೇಡಿ. ಬಿಪಿಎಲ್ ಕುಟುಂಬದ, ಶೇ 80ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಯಲ್ಲಿ ಕೇಂದ್ರ ಸರ್ಕಾರ ಕೊಡುವುದು ತಿಂಗಳಿಗೆ ₹300. ಆ ಮೊತ್ತ ನಿಗದಿಯಾದದ್ದು 2012ರಲ್ಲಿ, ಆಮೇಲೆ ಏರಿಲ್ಲ. ಏರಿಸಿ ಎಂದು ಸಂಸತ್ತಿನ ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿಯೇ ಮತ್ತೆ ಮತ್ತೆ ಹೇಳಿದೆ. ಆಗಿನ ₹300ಕ್ಕೆ ಸಿಗುತ್ತಿದ್ದ ಜೋಳ, ಎಣ್ಣೆ, ಗುಳಿಗೆ ಈಗ ಸಿಗುವುದಿಲ್ಲ. ಏರಿಸದೆ ಬಿಟ್ಟರೆ ಅದೂ ಕಡಿತವೇ. ಸಂಸದರು ಊರಿಗೆ ಬಂದಾಗ ಈ ಒಂದು ಅಂಕಿಯನ್ನು ಅವರ ಮುಂದಿಡಿ.

ಕಡಿತದ ಪ್ರಸ್ತಾವವನ್ನು ತಡೆಯಬಹುದು ಎಂಬುದಕ್ಕೆ ಹೊರದೇಶದ ಒಂದು ಉದಾಹರಣೆ ಸಾಕು. ಬ್ರಿಟನ್‌ನಲ್ಲಿ ಅಂಗವಿಕಲರು 2010ರಲ್ಲಿ ಕಡಿತದ ವಿರುದ್ಧ ತಮ್ಮದೇ ಸಂಘಟನೆ ಕಟ್ಟಿದರು. 2025ರಲ್ಲಿ ಅಲ್ಲಿನ ಸರ್ಕಾರ ಅಂಗವಿಕಲರ ಭತ್ಯೆಯ ನಿಯಮ ಬಿಗಿ ಮಾಡಲು ಹೊರಟಾಗ ಅಂಗವಿಕಲರ ಸಂಘಟನೆಗಳ ವಿರೋಧದ ಜೊತೆಗೆ ಆಳುವ ಪಕ್ಷದ ಸಂಸದರೇ ತಿರುಗಿಬಿದ್ದರು. ಜುಲೈ 1ರಂದು, ಮತಕ್ಕೆ ಹಾಕುವ ಹೊತ್ತಿನಲ್ಲೇ, ಸರ್ಕಾರ ಆ ಅಂಶವನ್ನು ಕೈಬಿಟ್ಟಿತು. ಶಾಸಕ, ಸಂಸದರ ಮನಸ್ಸು ಬದಲಿಸುವ ಕೆಲಸ ಅವರವರ ಕ್ಷೇತ್ರದಲ್ಲೇ ಶುರುವಾಗಬೇಕು.

12. ಗೆದ್ದ ಮೇಲೂ ಕಾವಲಿರಿ

ಆದೇಶ ಬಂದ ದಿನ ಪಟಾಕಿ ಹೊಡೆದು ಮನೆ ಸೇರಿದರೆ ಹೋರಾಟ ಅರ್ಧಕ್ಕೆ ನಿಂತಂತೆ. ಇದನ್ನು ಕಲಿಸಿದ್ದು ಕೇರಳದ ಕಾಸರಗೋಡಿನ, ಎಂಡೋಸಲ್ಫಾನ್ ಎಂಬ ಕೀಟನಾಶಕದ ಪೀಡಿತರು. ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ವರ್ಷಗಟ್ಟಲೆ ಆ ವಿಷ ಸುರಿಯಿತು. ಎಣ್ಮಕಜೆಯ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ವಿಚಿತ್ರ ಕಾಯಿಲೆಗಳನ್ನು ಗಮನಿಸಿ ದಾಖಲಿಸಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. ಅಲ್ಲಿಯೂ ಮೊದಲ ಹೆಜ್ಜೆ ಬರೆದಿಡುವುದೇ ಆಗಿತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ನಿಷೇಧಿಸಿತು. 2017ರ ಜನವರಿ 10ರಂದು, ಸಂತ್ರಸ್ತರಿಗೆ ತಲಾ ₹5 ಲಕ್ಷವನ್ನು ಮೂರು ತಿಂಗಳಲ್ಲಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಆದೇಶಿಸಿತು.

ಐದು ವರ್ಷ ಕಳೆದ ಮೇಲೆ, 2022ರ ಮೇನಲ್ಲಿ, ಮತ್ತೆ ಕೋರ್ಟ್ ಮುಂದೆ ನಿಂತಾಗ ತಿಳಿದದ್ದೇನು? 3,704 ಸಂತ್ರಸ್ತರಲ್ಲಿ ಪರಿಹಾರ ಮುಟ್ಟಿದ್ದು ಎಂಟು ಜನರಿಗೆ. ಆ ಎಂಟು ಜನ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದವರು. ಮರಳಿ ಕೇಳಿದವರಿಗೆ ಸಿಕ್ಕಿತು. ಉಳಿದವರ ಹಣ ಬಿಡುಗಡೆಯಾಗಲು ಕೋರ್ಟಿನ ಛೀಮಾರಿ ಬೇಕಾಯಿತು. ನಮ್ಮದೇ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಪೀಡಿತರಿಗೆ ಮಾಸಾಶನ, ಪಾಲನಾ ಕೇಂದ್ರ ಸಿಕ್ಕಿದ್ದೂ ಊರಿನ ಹೋರಾಟ ಸಮಿತಿ ಕೈಬಿಡದೆ ಬೆನ್ನು ಹತ್ತಿದ್ದರಿಂದ.

ಆದ್ದರಿಂದ ಪಗಾರ ಮರಳಿ ಬಂದ ಮನೆಯನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ. ಮೂರು ತಿಂಗಳಿಗೊಮ್ಮೆ ಹೋಗಿ ಪಾಸ್‌ಬುಕ್ ನೋಡಿ. ನಿಂತಿದ್ದ ತಿಂಗಳುಗಳ ಬಾಕಿ ಬಂದಿದೆಯೇ ಕೇಳಿ, ಬಂದಿಲ್ಲದಿದ್ದರೆ ಅದಕ್ಕೊಂದು ಅರ್ಜಿ ಬರೆಯಿರಿ. ಆರೈಕೆಗೆಂದೇ ಮನೆಯಲ್ಲಿ ಉಳಿದವರಿಗೆ, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿಯಂಥ ಕಾಯಿಲೆ ಇರುವವರನ್ನು ನೋಡಿಕೊಳ್ಳುವವರಿಗೆ, ತಿಂಗಳಿಗೆ ₹1,000 ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ ಘೋಷಿಸಿದೆ. ಅದು ನಿಮ್ಮ ಊರಿಗೆ ಬಂದಿದೆಯೇ ಎಂಬುದನ್ನೂ ವಹಿಯಲ್ಲಿ ಸೇರಿಸಿ. ಗೆದ್ದವರು ಗೆಲ್ಲಬೇಕಾದವರ ಜೊತೆ ಒಂದು ದಿನ ಕಚೇರಿಗೆ ಬರಲಿ, ಅದೇ ಸಂಘದ ಚಂದಾ ಆಗಲಿ.

ಈ ವಾರವೇ ಶುರು ಮಾಡಿ. ನಿಮ್ಮ ಓಣಿಯ ಹತ್ತು ಮನೆ, ಒಂದು ವಹಿ, ಸೀಲು ಬಿದ್ದ ಒಂದು ಅರ್ಜಿ. ಬಾಡಗಂಡಿಯ ವಹಿ, ಜಮಖಂಡಿಯ ವಹಿ, ಮುಧೋಳದ ವಹಿ, ರಬಕವಿ-ಬನಹಟ್ಟಿಯ ವಹಿ ನಾಲ್ಕೂ ಒಂದೇ ದಿನ ನವನಗರದ ಜಿಲ್ಲಾಧಿಕಾರಿ ಕಚೇರಿಗೆ ಹೋಗಲಿ. ನಾಲ್ಕರ ಮೊದಲ ಪುಟದಲ್ಲೂ ಒಂದೇ ಬೇಡಿಕೆ ಇರಲಿ: ನೋಟಿಸು ಕೊಡದೆ ಯಾರ ಪಗಾರವನ್ನೂ ನಿಲ್ಲಿಸಬೇಡಿ, ಕಾನೂನಿನ ಲೆಕ್ಕಕ್ಕೆ ಬರುವ ₹1,500ಕ್ಕಿಂತ ಕಡಿಮೆ ಯಾರಿಗೂ ಕೊಡಬೇಡಿ.